ಮುತ್ತಾತನ ಹೆಸರು ಪಹಣಿಯಲ್ಲಿ ಸಿಗುತ್ತದಾ? ಮನೆತನದ ಬೇರು ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆತನದ ಹಿಂದಿನವರನ್ನು ಹುಡುಕೋಕೆ ನಾನು ಶುರು ಮಾಡಿ ಆರು ವರ್ಷ ಆಯಿತು. ಆಗ ತಾತನ ಅಪ್ಪನ ಹೆಸರಿಗಿಂತ ಹಿಂದೆ ನಮ್ಮ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಈಗ ಅಲ್ಲಿಂದ ಇನ್ನೂ ಎರಡು ತಲೆಮಾರು ಹಿಂದಕ್ಕೆ ಹೋಗಿದ್ದೇನೆ, ಮರೆತೇ ಹೋಗಿದ್ದ ಒಂದು ಕವಲು ಕೂಡ ಸಿಕ್ಕಿದೆ. ಇದನ್ನು ಕೇಳಿದ ನಂಟರು, ಗೆಳೆಯರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ, ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ವಂಶದ ಕಥೆ ಹೆಚ್ಚಾಗಿ ಕೂತಿರುವುದು ಜಮೀನಿನ ಕಾಗದದಲ್ಲಿ. ಆದರೆ ಆ ಕಾಗದದಲ್ಲಿರುವ ಹೆಸರು ಯಾರದ್ದು ಅಂತ ಹೇಳಬಲ್ಲವರು ಮನೆಯ ಹಿರಿಯರು ಮಾತ್ರ. ಎರಡೂ ಬೇಕು.

ಎಲ್ಲಿಂದ ಶುರು ಮಾಡಲಿ?

ಕಂಪ್ಯೂಟರ್ ಮುಂದೆ ಕೂರಬೇಡಿ. ಮನೆಯಲ್ಲಿ ಎಲ್ಲರಿಗಿಂತ ದೊಡ್ಡವರು ಯಾರಿದ್ದಾರೋ ಅವರ ಹತ್ತಿರ ಹೋಗಿ ಕೂರಿ. ಸೋದರತ್ತೆ ಇದ್ದರೆ ಮೊದಲು ಅವರ ಹತ್ತಿರ ಹೋಗಿ, ಯಾಕೆಂದರೆ ಮದುವೆಯಾಗಿ ಹೊರಗೆ ಹೋದ ಹೆಣ್ಣುಮಕ್ಕಳು ತವರಿನ ವಿಷಯವನ್ನು ಗಂಡಸರಿಗಿಂತ ಚೆನ್ನಾಗಿ ನೆನಪಿಟ್ಟಿರುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆದರೆ ಅವರನ್ನು ಕೇಳಿಯೇ ಮಾಡಿ.

"ನಮ್ಮ ವಂಶದ ಬಗ್ಗೆ ಹೇಳಿ" ಅಂದರೆ ಯಾರೂ ಏನೂ ಹೇಳುವುದಿಲ್ಲ. ಸಣ್ಣ ಸಣ್ಣದು ಕೇಳಿ. ಮನೆದೇವರು ಯಾವುದು? ಮೊದಲು ಎಲ್ಲಿಗೆ ಮುಡಿ ಕೊಡೋಕೆ ಹೋಗುತ್ತಿದ್ದರು? ಹೊಲಗಳನ್ನು ಏನಂತ ಕರೆಯುತ್ತಿದ್ದರು? ಊರಲ್ಲಿ ನಮ್ಮ ಮನೆಗೆ ಏನಂತ ಅಡ್ಡಹೆಸರು? ಸೂತಕ ಬಂದರೆ ಯಾವ ಯಾವ ಊರಿನವರಿಗೆ ಹೇಳಿ ಕಳಿಸುತ್ತಿದ್ದರು? ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಸೂತಕ ಯಾರಿಗೆ ತಟ್ಟುತ್ತದೋ ಅವರೇ ದಾಯಾದಿಗಳು. ನಮ್ಮ ಅತ್ತೆ ಬಾಯಲ್ಲಿ ಹೀಗೆ ಮೂರು ಊರಿನ ಹೆಸರು ಬಂತು, ಅದರಲ್ಲಿ ಒಂದರ ಹೆಸರನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಮನೆದೇವರ ಬಗ್ಗೆ ಇನ್ನೊಂದು ಮಾತು. ಮನೆ ಇರುವುದು ಒಂದು ಜಿಲ್ಲೆ, ಮನೆದೇವರು ಎರಡು ಜಿಲ್ಲೆ ಆಚೆ ಅಂತಾದರೆ, ಹಿಂದೆ ಯಾವಾಗಲೋ ಅಲ್ಲಿಂದ ವಲಸೆ ಬಂದಿರುವ ಸಾಧ್ಯತೆ ಇದೆ. ಇದೊಂದೇ ಸಾಕ್ಷಿಯಲ್ಲ, ಆದರೆ ಹುಡುಕೋಕೆ ಒಂದು ದಿಕ್ಕು ಸಿಗುತ್ತದೆ.

ಹೆಸರು ಹಾಕಿದರೆ ವಂಶವೆಲ್ಲ ಬರುವ ಜಾಲತಾಣ ಇದೆಯಾ?

ಇಲ್ಲ. ಇಂಗ್ಲೆಂಡ್, ಅಮೆರಿಕದವರು ನೂರು ವರ್ಷದ ಹಿಂದಿನ ಜನಗಣತಿ ಹಾಳೆಯನ್ನು ಮನೆಯಲ್ಲೇ ಕೂತು ತೆಗೆದು ಮುತ್ತಜ್ಜನ ಹೆಸರು ನೋಡುತ್ತಾರೆ. ನಮ್ಮಲ್ಲಿ ಆಗಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಮನೆಯಲ್ಲಿ ಬರೆದುಕೊಂಡ ವಿವರವನ್ನು ಯಾರಿಗೂ ತೋರಿಸುವಂತಿಲ್ಲ. ನಮಗೆ ಸಿಗುವುದು ಊರಿನ, ತಾಲ್ಲೂಕಿನ ಲೆಕ್ಕ ಅಷ್ಟೇ.

ಫ್ಯಾಮಿಲಿಸರ್ಚ್, ಮೈಹೆರಿಟೇಜ್, ಜೆನಿ ಇಂಥ ತಾಣಗಳು ಮರ ಬರೆದಿಡೋಕೆ ಚೆನ್ನಾಗಿವೆ. ಆದರೆ ಕರ್ನಾಟಕದ ಹಳ್ಳಿಯ ದಾಖಲೆ ಅವುಗಳಲ್ಲಿ ತೀರಾ ಕಡಿಮೆ. ಫ್ಯಾಮಿಲಿಸರ್ಚ್‌ಗೆ ದುಡ್ಡಿಲ್ಲ, ಸುಮ್ನೆ ಒಂದು ಖಾತೆ ತೆರೆದು ನೋಡಿ. ಉಳಿದವಕ್ಕೆ ದುಡ್ಡು ಕಟ್ಟೋ ಮೊದಲು ನಮ್ಮ ಸರ್ಕಾರದ್ದೇ ಆದ ಭೂಮಿ (ಜಮೀನಿನ ದಾಖಲೆ), ಕಾವೇರಿ (ಆಸ್ತಿ ನೋಂದಣಿ) ತಾಣಗಳನ್ನು ಪೂರ್ತಿ ಜಾಲಾಡಿ.

ಪಹಣಿಯಲ್ಲಿ ನಿಜವಾಗಿ ಏನು ಸಿಗುತ್ತದೆ?

ಕಂದಾಯ ಇಲಾಖೆಯ ಭೂಮಿ ತಾಣಕ್ಕೆ ಹೋಗಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಹಾಕಿದರೆ ಪಹಣಿ ಬರುತ್ತದೆ. ಬೇರೆ ಬೇರೆ ಅವಧಿಯ ಹಳೆಯ ಪಹಣಿ ನೋಡುವ ಆಯ್ಕೆಯೂ ಇದೆ, ಹೆಚ್ಚುಕಮ್ಮಿ 2000ನೇ ಇಸವಿ ಸುಮಾರಿನಿಂದ ಈಚಿನದು ಸಿಗುತ್ತದೆ. ಹೆಚ್ಚಿನವರು 9ನೇ ಕಾಲಂ ನೋಡಿ ಮುಚ್ಚಿಬಿಡುತ್ತಾರೆ. ಅಲ್ಲಿ ಜಮೀನು ಯಾರ ಹೆಸರಲ್ಲಿದೆ, ಅವರ ತಂದೆ ಯಾರು ಅಂತ ಇರುತ್ತದೆ, ಅಷ್ಟಕ್ಕೇ ಎರಡು ತಲೆ ಸಿಕ್ಕಿತು. ಆದರೆ ನೀವು ಮುಖ್ಯವಾಗಿ ನೋಡಬೇಕಾದ್ದು ಪಕ್ಕದ 10ನೇ ಕಾಲಂ. ಜಮೀನು ಅವರಿಗೆ ಹೇಗೆ ಬಂತು ಅನ್ನುವುದು ಅಲ್ಲಿದೆ, ಜೊತೆಗೆ ಒಂದು ಎಂ.ಆರ್. ನಂಬರ್, ಅಂದರೆ ಮ್ಯುಟೇಶನ್ ರಿಜಿಸ್ಟರಿನ ನಂಬರ್ ಇರುತ್ತದೆ. ಆ ನಂಬರ್ ಹಿಡಿದು ಮ್ಯುಟೇಶನ್ (ಜಮೀನು ಒಬ್ಬರ ಹೆಸರಿಂದ ಇನ್ನೊಬ್ಬರ ಹೆಸರಿಗೆ ಬದಲಾದ ದಾಖಲೆ) ತೆಗೆಸಿದರೆ ಅದು ಇನ್ನೂ ಹಿಂದಿನ ಎಂ.ಆರ್. ತೋರಿಸುತ್ತದೆ. ಹೀಗೆ ಒಂದರ ಹಿಂದೆ ಒಂದು ಎಳೆಯುತ್ತಾ ಹೋಗಬೇಕು.

ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ದಿಶಾಂಕ್ ಆ್ಯಪ್ ಇದೆ. ಹೊಲದಲ್ಲಿ ನಿಂತು ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಹೇಳುತ್ತದೆ. ಅತ್ತೆ ಹೇಳಿದ "ಹುಣಸೆಮರದ ಹೊಲ" ಯಾವ ನಂಬರ್ ಅಂತ ನನಗೆ ಗೊತ್ತಾಗಿದ್ದು ಹೀಗೇ.

ಇನ್ನೊಂದು ನೋಡಿ. ಸರ್ವೆ ನಂಬರ್ 45 ಮೊದಲು ಒಂದೇ ತುಂಡು ಇದ್ದದ್ದು ಆಮೇಲೆ 45/1, 45/2 ಆಗಿ, ಅದರಲ್ಲಿ 45/1 ಮತ್ತೆ ಎರಡಾಗಿ ಒಡೆದಿರುತ್ತದೆ. ಒಡೆದದ್ದೆಲ್ಲ ಮಾರಾಟಕ್ಕೇ ಇರಬೇಕಿಲ್ಲ, ಎಷ್ಟೋ ಸಲ ಅಣ್ಣತಮ್ಮಂದಿರು ಬೇರೆಯಾದ ಗುರುತು ಅದು. ಒಂದು ಹಾಳೆಯ ಮೇಲೆ ಈ ಹಿಸ್ಸಾಗಳನ್ನು ಕವಲು ಕವಲಾಗಿ ಬರೆಯಿರಿ, ಪಕ್ಕದಲ್ಲಿ ಹೆಸರು ಬರೆಯಿರಿ. ಅರ್ಧ ವಂಶವೃಕ್ಷ ಅಲ್ಲೇ ಮೂಡಿರುತ್ತದೆ. ನಮ್ಮದು ಒಟ್ಟು 7 ಎಕರೆ 12 ಗುಂಟೆ ಖುಷ್ಕಿ ಜಮೀನು ಇದ್ದದ್ದು ಈಗ ಹನ್ನೊಂದು ಹಿಸ್ಸಾ ಆಗಿದೆ.

ಪೌತಿ ಅಂದರೇನು? ಯಾಕೆ ಅದನ್ನೇ ಹುಡುಕಿ ಅನ್ನುತ್ತೀರಿ?

ಖಾತೆದಾರ ತೀರಿಹೋದ ಮೇಲೆ ವಾರಸುದಾರರ ಹೆಸರಿಗೆ ಜಮೀನು ಬದಲಾಗುವುದು ಪೌತಿ. ಧಾರವಾಡ, ಬೆಳಗಾವಿ ಕಡೆ ವಾರಸಾ ಅನ್ನುತ್ತಾರೆ. ಕ್ರಯದ ಮ್ಯುಟೇಶನ್‌ನಲ್ಲಿ ಕೊಟ್ಟವರು, ಕೊಂಡವರು ಮಾತ್ರ ಇರುತ್ತಾರೆ. ಪೌತಿಯಲ್ಲಿ ಹಾಗಲ್ಲ, ಇಂಥವರು ತೀರಿಹೋದರು, ಅವರಿಗೆ ಇಂಥಿಂಥವರು ಮಕ್ಕಳು, ಹೆಂಡತಿ ಇಂಥವರು ಅಂತ ಬರೆದಿರುತ್ತಾರೆ. ಎಷ್ಟೋ ಸಲ ವಂಶವೃಕ್ಷದ ಹಾಳೆಯನ್ನೇ ಜೊತೆಗೆ ಲಗತ್ತಿಸಿರುತ್ತಾರೆ.

ಒಂದು ಎಚ್ಚರ. ಪೌತಿ ಆದ ವರ್ಷವೇ ಸತ್ತ ವರ್ಷ ಅಂದುಕೊಳ್ಳಬೇಡಿ. ತಾತ ತೀರಿ ಇಪ್ಪತ್ತು ಮೂವತ್ತು ವರ್ಷ ಆದಮೇಲೆ, ಸಾಲ ಬೇಕು ಅಂದಾಗಲೋ ಮಾರೋಕೆ ಹೊರಟಾಗಲೋ ಪೌತಿ ಮಾಡಿಸಿರುತ್ತಾರೆ. ಸತ್ತವರ ಹೆಸರಲ್ಲೇ ಇನ್ನೂ ಇರುವ ಪಹಣಿಗಳು ಊರೂರಲ್ಲಿ ಇವೆ. ನಿಮ್ಮ ಮನೆಯದ್ದು ಹಾಗಿದ್ದರೆ ಬೇಜಾರಾಗಬೇಡಿ, ಹುಡುಕುವವರಿಗೆ ಅದೇ ಅನುಕೂಲ. ಹಳೆಯ ಹೆಸರು ಅಳಿಸದೆ ಕೂತಿದೆ ಅಲ್ವಾ?

ಹೆಸರಿನ ನಡುವೆ ಬರುವ ಬಿನ್, ಕೋಂ ಇವೆಲ್ಲ ಏನು?

ಸಿದ್ದಪ್ಪ ಬಿನ್ ನಂಜಪ್ಪ ಅಂದರೆ ನಂಜಪ್ಪನ ಮಗ ಸಿದ್ದಪ್ಪ. ಲಕ್ಷ್ಮಮ್ಮ ಕೋಂ ಸಿದ್ದಪ್ಪ ಅಂದರೆ ಸಿದ್ದಪ್ಪನ ಹೆಂಡತಿ ಲಕ್ಷ್ಮಮ್ಮ. ಉತ್ತರ ಕರ್ನಾಟಕದಲ್ಲಿ ತಂ., ಗಂ. ಅಂತ ಚುಟುಕಾಗಿ ಬರೆಯುತ್ತಾರೆ, ತಂದೆ, ಗಂಡ ಅಂತ. ಅ.ಪಾ.ಕ. ಅಂತ ಕಂಡರೆ ಗಮನ ಕೊಟ್ಟು ಓದಿ. ಅಜ್ಞಾನ ಪಾಲನಕರ್ತ, ಅಂದರೆ ವಾರಸುದಾರ ಇನ್ನೂ ಚಿಕ್ಕವನು, ಅವನ ಪರವಾಗಿ ತಾಯಿಯೋ ಚಿಕ್ಕಪ್ಪನೋ ನೋಡಿಕೊಳ್ಳುತ್ತಿದ್ದಾರೆ ಅಂತ. ಆ ಮನೆಯಲ್ಲಿ ಅಪ್ಪ ಬೇಗ ತೀರಿಕೊಂಡ ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ.

ಹೆಸರಿನ ಕಾಗುಣಿತವನ್ನು ನಂಬಿ ಕೂರಬೇಡಿ. ಲಿಂಗಪ್ಪ, ನಿಂಗಪ್ಪ ಒಬ್ಬರೇ ಇರಬಹುದು. ವೆಂಕಟರಮಣಪ್ಪ ಇನ್ನೊಂದು ಕಡೆ ಯಂಕಟಪ್ಪ ಆಗಿರಬಹುದು. ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿಯಿಂದ ಒಂದು ತಲೆ ಬಿಟ್ಟು ಒಂದು ತಲೆ ಅದೇ ಹೆಸರು ಬರುತ್ತದೆ. ನಾನು ಒಂದು ವರ್ಷ ಪೂರ್ತಿ ಇಬ್ಬರನ್ನು ಒಬ್ಬರೇ ಅಂದುಕೊಂಡಿದ್ದೆ. ಬಿನ್ ಆದಮೇಲೆ ಬರುವ ಹೆಸರನ್ನು ನೋಡದೆ ಯಾರನ್ನೂ ಮರಕ್ಕೆ ಸೇರಿಸಬೇಡಿ.

2000ನೇ ಇಸವಿಗಿಂತ ಹಿಂದಿನ ದಾಖಲೆ ಆನ್‌ಲೈನಿನಲ್ಲಿ ಸಿಗುವುದಿಲ್ಲವಾ?

ಸ್ವಲ್ಪ ಸ್ವಲ್ಪ ಸಿಗೋಕೆ ಶುರುವಾಗಿದೆ. ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಶುರುವಾಯಿತು. ನಿಮ್ಮ ತಾಲ್ಲೂಕಿನದು ಎಷ್ಟಾಗಿದೆ ಅಂತ ಅಲ್ಲೇ ವಿಚಾರಿಸಿ. ಆಗಿರದಿದ್ದರೆ ಅರ್ಜಿ ಹಾಕಿ ನಕಲು ತೆಗೆಸಬೇಕು. ಸುಮ್ನೆ "ಹಳೇ ದಾಖಲೆ ಕೊಡಿ" ಅಂದರೆ ಸಿಗಲ್ಲ. ಸರ್ವೆ ನಂಬರ್ ಬರೆದು ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್), ಮ್ಯುಟೇಶನ್ ರಿಜಿಸ್ಟರ್ ಅಂತ ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು. ಅಳತೆಯದು ಬೇಕಾದರೆ ಸರ್ವೆ ಶಾಖೆಯಲ್ಲಿ ಟಿಪ್ಪಣಿ, ಆಕಾರಬಂದ್ ಕೇಳಿ.

ನಾನು ಮೊದಲ ಸಲ ಹೋದಾಗ ದಾಖಲೆ ಶಿಥಿಲವಾಗಿದೆ ಅಂತ ಹಿಂಬರಹ ಕೊಟ್ಟು ಕಳಿಸಿದರು. ಎರಡನೇ ಸಲ ಬೇರೆ ನೌಕರರಿದ್ದರು, ಕೆಂಪು ಬಟ್ಟೆಯ ಗಂಟು ಬಿಚ್ಚಿ ಅರ್ಧ ಗಂಟೆ ಹುಡುಕಿ ಅದೇ ಪುಟ ತೆಗೆದುಕೊಟ್ಟರು. ಅಂಚು ಉದುರುತ್ತಿತ್ತು, ನೀಲಿ ಮಸಿ ಕಂದು ಬಣ್ಣಕ್ಕೆ ತಿರುಗಿತ್ತು, ಮುತ್ತಾತನ ಹೆಸರಿನ ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತಿತ್ತು. ಅವರ ಫೋಟೋ ನಮ್ಮಲ್ಲಿ ಒಂದೂ ಇಲ್ಲ. ಆ ಹೆಬ್ಬೆಟ್ಟನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಅದಕ್ಕೇ ಹೇಳುವುದು, ಒಂದು ಸಲ ಇಲ್ಲ ಅಂದರೆ ಇನ್ನೊಂದು ಸಲ ಹೋಗಿ.

1963ಕ್ಕಿಂತ ಮುಂಚೆ ಹಳ್ಳಿಯ ಲೆಕ್ಕವೆಲ್ಲ ಶಾನುಭೋಗರ ಕೈಯಲ್ಲಿತ್ತು. ಆ ವರ್ಷ ಪಟೇಲಿಕೆ, ಶಾನುಭೋಗಿಕೆ ರದ್ದಾದಾಗ ಪುಸ್ತಕಗಳು ಸರ್ಕಾರಕ್ಕೆ ಹೋದವು, ಆದರೂ ಕೆಲವು ಮನೆಗಳಲ್ಲಿ ಅಟ್ಟದ ಮೇಲೆ ಉಳಿದಿವೆ. ನಿಮ್ಮೂರಿನ ಹಳೆಯ ಶಾನುಭೋಗರ ಮನೆಯವರನ್ನು ಒಂದು ಮಾತು ಕೇಳಿ. ಇನ್ನೂ ಹಿಂದಿನದಾದರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಿಸಿ ಮಾಡಿದ ಕಪ್ಪು ಪುಸ್ತಕ, ಬಳಪದಲ್ಲಿ ಬರೆದದ್ದು. ಅದಕ್ಕೇ ಕಡತ ಅನ್ನುತ್ತಿದ್ದರು, ಈಗ ಆಫೀಸಿನ ಫೈಲಿಗೆ ಅದೇ ಹೆಸರು ಬಂದಿದೆ. ಕೈಯಲ್ಲಿ ಉಜ್ಜಬೇಡಿ, ಅಕ್ಷರ ಹೋಗುತ್ತದೆ. ಫೋಟೋ ತೆಗೆದು ಹಾಗೇ ಮಡಿಸಿಡಿ.

ನಮ್ಮದು ಹಳೇ ಮೈಸೂರಲ್ಲ. ಬೇರೆ ಕಡೆಯವರು ಏನು ಮಾಡಬೇಕು?

1956ರ ನವೆಂಬರ್ 1ಕ್ಕೆ ಮುಂಚೆ ನಿಮ್ಮೂರು ಯಾರ ಆಡಳಿತದಲ್ಲಿತ್ತು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ದಾಖಲೆಯ ಭಾಷೆ, ಹೆಸರು, ಅದು ಕೂತಿರುವ ಜಾಗ ಎಲ್ಲ ಅದರ ಮೇಲೇ ನಿಂತಿದೆ.

ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಮುಂಬೈ ಪ್ರಾಂತದಲ್ಲಿದ್ದವು. ಅಲ್ಲಿ ಪಹಣಿಗೆ ಉತಾರ ಅನ್ನುತ್ತಾರೆ, ಪಾಲಾಗುವುದಕ್ಕೆ ವಾಟ್ನಿ. ಹಳೆಯ ಕಾಗದ ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ ಇರಬಹುದು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಹೈದರಾಬಾದಿಗೆ ಸೇರಿದ್ದವು, ಹಳೆಯದು ಉರ್ದುವಿನಲ್ಲಿದೆ, ಸೇತ್ವಾರ್ ಮತ್ತು 1954-55ರ ಖಾಸ್ರಾ ಪಹಣಿ ಅಂತ ಕೇಳಿ. ಉರ್ದು ಓದಲು ಬರುವ ಹಿರಿಯರು ಆ ಕಡೆ ಇನ್ನೂ ಇದ್ದಾರೆ, ಬೇಗ ಹೋಗಿ. ದಕ್ಷಿಣ ಕನ್ನಡ, ಕೊಳ್ಳೇಗಾಲ ಮದ್ರಾಸಿನಲ್ಲಿದ್ದವು. ಬಳ್ಳಾರಿ ಕೂಡ ಹಾಗೇ, ಅದು 1953ರಲ್ಲೇ ಮೈಸೂರಿಗೆ ಬಂತು.

ತುಳುನಾಡಿನಲ್ಲಿ ಅಳಿಯಸಂತಾನದ ಮನೆತನವಾದರೆ ಅಪ್ಪನ ಸಾಲಿನಲ್ಲಿ ಹುಡುಕಿ ದಾರಿ ತಪ್ಪಬೇಡಿ. ತಾಯಿಯ ಸಾಲು ಹಿಡಿಯಿರಿ. ಪಾಲುಪತ್ರದಲ್ಲಿ ಕವರು ಅಂತ ಬರುವುದೆಲ್ಲ ಒಬ್ಬೊಬ್ಬ ಹೆಣ್ಣುಮಗಳಿಂದ ಬಂದ ಕವಲು. ಬೇರೆ ಕಡೆ ಹೆಣ್ಣಿನ ಹೆಸರಿಗೆ ಪರದಾಡುವ ನಮಗೆ ಆ ಪತ್ರಗಳನ್ನು ನೋಡಿದರೆ ಹೊಟ್ಟೆ ತುಂಬುತ್ತದೆ. ಕೊಡಗಿನಲ್ಲಿ ಒಕ್ಕದ, ಅಂದರೆ ಮನೆತನದ ಹೆಸರೇ ಆಧಾರ. ಒಕ್ಕಕ್ಕೆ ತಲೆಮಾರಿನಿಂದ ಬಂದ ಜಮ್ಮಾ ಜಮೀನಿನ ಪಹಣಿಯಲ್ಲಿ ಎಂದೋ ತೀರಿಹೋದ ಪಟ್ಟೇದಾರರ (ಒಕ್ಕದ ಹಿರಿಯರ) ಹೆಸರು ಹಾಗೇ ಇರುತ್ತದೆ.

ಊರಿನ ಹೆಸರೇ ಪಟ್ಟಿಯಲ್ಲಿ ಸಿಗುತ್ತಿಲ್ಲ!

ಮೂರು ಕಾರಣ ಇರಬಹುದು. ಒಂದು, ಜಿಲ್ಲೆ ಬದಲಾಗಿದೆ. 1997ರಲ್ಲಿ ಚಾಮರಾಜನಗರ, ಉಡುಪಿ, ಗದಗ, ಹಾವೇರಿ, ಬಾಗಲಕೋಟೆ, ದಾವಣಗೆರೆ, ಕೊಪ್ಪಳ ಹೊಸ ಜಿಲ್ಲೆ ಆದವು. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ. ಹಳೆಯ ಕಾಗದ ಹಳೆಯ ಜಿಲ್ಲೆಯ ಹೆಸರಲ್ಲೇ ಇರುತ್ತದೆ. ಎರಡು, ಅದು ಬೇಚಿರಾಕ್ ಗ್ರಾಮ ಆಗಿರಬಹುದು. ಬೇಚಿರಾಕ್ ಅಂದರೆ ದೀಪ ಹಚ್ಚುವವರಿಲ್ಲದ ಊರು. ಪ್ಲೇಗೋ ಬರವೋ ಬಂದು ಜನ ಬಿಟ್ಟುಹೋದ ಇಂಥ ಊರುಗಳು ಕಂದಾಯದ ಪಟ್ಟಿಯಲ್ಲಿ ಇನ್ನೂ ಬದುಕಿವೆ, ಅವಕ್ಕೂ ಸರ್ವೆ ನಂಬರ್ ಇದೆ. ಬಸ್ಸು ಹೋಗುವ ಊರಿನ ಹೆಸರು ಹಾಕಿದರೆ ಬರಲ್ಲ, ಪಕ್ಕದ ಊರಿನವರನ್ನು ಕೇಳಿ ಕಂದಾಯ ಗ್ರಾಮದ ಹೆಸರು ತಿಳಿದುಕೊಳ್ಳಿ.

ಮೂರನೆಯದು ಮುಳುಗಡೆ. ಕನ್ನಂಬಾಡಿ, ಹಿರೇಭಾಸ್ಕರ, ತುಂಗಭದ್ರಾ, ಲಿಂಗನಮಕ್ಕಿ, ಆಲಮಟ್ಟಿ ಹೀಗೆ ಒಂದೊಂದು ಅಣೆಕಟ್ಟಿನ ನೀರಿನಡಿ ಎಷ್ಟೋ ಊರು ಹೋದವು. ಶರಾವತಿ ಮುಳುಗಡೆಯ ಮನೆತನ ನಿಮ್ಮದಾದರೆ, ಈಗಿರುವ ಊರಿನಲ್ಲಿ ನಿಮ್ಮ ಜಮೀನಿನ ಮೊದಲ ದಾಖಲೆ ಪುನರ್ವಸತಿಯ ಮಂಜೂರಾತಿ ಆಗಿರಬಹುದು. ಅದರಲ್ಲಿ ಬಿಟ್ಟುಬಂದ ಊರಿನ ಹೆಸರು ಹುಡುಕಿ.

ಹೆಣ್ಣುಮಕ್ಕಳ ಹೆಸರು ಎಲ್ಲೂ ಇಲ್ಲವಲ್ಲ?

ಈ ಪ್ರಶ್ನೆ ಕೇಳಿದವರಿಗೆಲ್ಲ ನನಗೆ ತುಂಬ ಹೇಳಬೇಕು ಅನ್ನಿಸುತ್ತದೆ. ಪಹಣಿಯ ಪ್ರಕಾರ ನಮ್ಮ ಮನೆಯಲ್ಲಿ ನೂರು ವರ್ಷ ಹೆಣ್ಣೇ ಹುಟ್ಟಿಲ್ಲ. ಅಪ್ಪ, ಮಗ, ಮೊಮ್ಮಗ, ಅಷ್ಟೇ. ವಿಧವೆಯಾದಾಗ ಮಾತ್ರ, ಮಕ್ಕಳು ಚಿಕ್ಕವರಿದ್ದರೆ, ಹೆಂಗಸಿನ ಹೆಸರು ಬರುತ್ತದೆ.

ಆದರೆ ಒಂದು ದಾರಿ ಇದೆ. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹಕ್ಕು ಬಂತು. ಆಮೇಲೆ ಜಮೀನು ಮಾರಬೇಕಾದರೆ ಅಕ್ಕತಂಗಿಯರ ಸಹಿ ಬೇಕೇ ಬೇಕು ಅಂತ ಕೊಳ್ಳುವವರು ಪಟ್ಟು ಹಿಡಿಯೋಕೆ ಶುರು ಮಾಡಿದರು. ಹಾಗಾಗಿ ಹಕ್ಕು ಬಿಡುಗಡೆ ಪತ್ರಗಳು ರಾಶಿ ರಾಶಿ ನೋಂದಣಿ ಆದವು. ಆ ಹೆಣ್ಣುಮಕ್ಕಳು ಎಷ್ಟು ಕಳೆದುಕೊಂಡರು ಅಂತ ನೆನೆದರೆ ಸಂಕಟ ಆಗುತ್ತದೆ. ಆದರೆ ಅವರ ಪೂರ್ತಿ ಹೆಸರು, ವಯಸ್ಸು, ಗಂಡನ ಹೆಸರು, ಈಗಿನ ಊರು ಎಲ್ಲ ಸಾಲಾಗಿ ಸಿಗುವ ಕಾಗದ ಅದೇ.

ಕಾವೇರಿ ತಾಣದಲ್ಲಿ ಸರ್ವೆ ನಂಬರ್ ಹಾಕಿ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಯಿರಿ. 2004ರಿಂದ ಈಚಿನದು ಆನ್‌ಲೈನಿನಲ್ಲಿ ಬರುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಬೇಕು. ಇ.ಸಿ.ಯಲ್ಲಿ ಬರೆದುಕೊಟ್ಟವರ ಹೆಸರು, ದಸ್ತಾವೇಜಿನ ನಂಬರ್ ಇರುತ್ತದೆ, ಆ ನಂಬರ್ ಹಿಡಿದು ಪತ್ರದ ನಕಲು ಕೇಳಿ. ಜಮೀನಿನ ಪತ್ರಗಳು ದಾಖಲಾಗುವುದು 1ನೇ ಪುಸ್ತಕದಲ್ಲಿ, ಅದರ ನಕಲನ್ನು ಯಾರು ಬೇಕಾದರೂ ಕೇಳಬಹುದು.

ನಮ್ಮ ತಾತನಿಗೆ ಒಬ್ಬ ತಂಗಿ ಇದ್ದರು, ಮಕ್ಕಳಿಲ್ಲದೆ ತೀರಿಹೋದರು ಅಂತ ನಮಗೆ ಹೇಳಿದ್ದರು. ತಾತನ ಅಣ್ಣನ ಕಡೆಯವರ ಹಿಸ್ಸಾದ ಇ.ಸಿ. ತೆಗೆದಾಗ 2007ರ ಒಂದು ಬಿಡುಗಡೆ ಪತ್ರ ಕಂಡಿತು. ಬರೆದುಕೊಟ್ಟವರು ನಾಲ್ಕು ಜನ, ಹಿರಿಯೂರು ತಾಲ್ಲೂಕಿನವರು, ಯಾರ ಹೆಸರೂ ನಮಗೆ ಗೊತ್ತಿಲ್ಲ. ನಕಲು ತರಿಸಿದೆ. ಆ ನಾಲ್ವರು ತಾತನ ತಂಗಿಯ ಮಕ್ಕಳು, ಮೊಮ್ಮಕ್ಕಳು. ಯಾವುದೋ ಮದುವೆ ವಿಷಯಕ್ಕೆ ಮನಸ್ತಾಪವಾಗಿ ಮಾತು ಬಿಟ್ಟು, ಬರುತ್ತಾ ಬರುತ್ತಾ ಅವರು ಇಲ್ಲವೇ ಇಲ್ಲ ಅನ್ನುವ ಹಾಗೆ ಆಗಿಹೋಗಿತ್ತು. ಅತ್ತೆ ಹೇಳಿದ್ದ, ನಾನು ಕೇಳಿರದ ಆ ಮೂರನೇ ಊರು ಇದೇ.

ನಮ್ಮ ಹಿರಿಯರಿಗೆ ಜಮೀನೇ ಇರಲಿಲ್ಲ. ನಮಗೆ ಏನೂ ಸಿಗುವುದಿಲ್ಲವಾ?

ಸಿಗುತ್ತದೆ, ದಾರಿ ಬೇರೆ. ಗೇಣಿ ಮಾಡುತ್ತಿದ್ದವರಾದರೆ ಹಳೆಯ ಕೈಬರಹದ ಪಹಣಿಯ 12ನೇ ಕಾಲಂ ನೋಡಿ, ಸಾಗುವಳಿ ಮಾಡಿದವರ ಹೆಸರು ಅಲ್ಲಿರುತ್ತದೆ. 1974ರಲ್ಲಿ ಉಳುವವನೇ ಹೊಲದೊಡೆಯ ಅಂತ ಕಾನೂನು ಬಂದಾಗ ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಿದರು. ಭೂ ನ್ಯಾಯಮಂಡಳಿಯ ಆ ಕಡತಗಳಲ್ಲಿ ಯಾರು, ಯಾವಾಗಿನಿಂದ, ಯಾರ ಜಮೀನು ಮಾಡುತ್ತಿದ್ದರು ಅಂತ ಅವರ ಬಾಯಿಮಾತನ್ನೇ ಬರೆದುಕೊಂಡಿರುತ್ತಾರೆ.

ತೋಟಿ, ತಳವಾರ, ನೀರಗಂಟಿ ಕೆಲಸ ಮಾಡಿದ ಮನೆತನಗಳಿಗೆ ಚಾಕರಿ ಇನಾಂ ಜಮೀನು ಇರುತ್ತಿತ್ತು. ಗ್ರಾಮ ಹುದ್ದೆ ರದ್ದಾದ ಮೇಲೆ ಅದು ಅವರಿಗೇ ಮರುಮಂಜೂರಾಯಿತು, ಆ ಆದೇಶದಲ್ಲಿ ಹೆಸರಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ದರಖಾಸ್ತಿನಲ್ಲಿ ಕೊಟ್ಟ ಜಮೀನನ್ನು ಬೇರೆಯವರು ಕೊಂಡಿದ್ದರೆ, 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ವಾಪಸ್ ಕೇಳಿದ ಕೇಸುಗಳು ಉಪವಿಭಾಗಾಧಿಕಾರಿ ಕಚೇರಿಯಲ್ಲಿವೆ. ಮೂಲ ಮಂಜೂರಾತಿದಾರರಿಂದ ಅರ್ಜಿದಾರರವರೆಗೆ ಸಂಬಂಧ ತೋರಿಸಬೇಕಾದ್ದರಿಂದ ವಂಶವೃಕ್ಷ ಅದರಲ್ಲಿ ಇರುತ್ತದೆ. ಮನೆಯ ಟ್ರಂಕಿನಲ್ಲಿ ಸಾಗುವಳಿ ಚೀಟಿ, ಅಂದರೆ ಜಮೀನು ಮಂಜೂರಾದಾಗ ಕೊಟ್ಟ ಪತ್ರ ಇದೆಯಾ ನೋಡಿ.

ಸೈನ್ಯಕ್ಕೆ ಹೋಗಿ ವಾಪಸ್ ಬರದ ಹಿರಿಯರಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ತಾಣದಲ್ಲಿ ಹುಡುಕಿ. ಎರಡೂ ಮಹಾಯುದ್ಧದಲ್ಲಿ ಮಡಿದ ಭಾರತೀಯರ ಹೆಸರು ಅಲ್ಲಿದೆ, ಕೆಲವರದ್ದಕ್ಕೆ ತಂದೆಯ ಹೆಸರು, ಊರು ಕೂಡ. ಮದ್ರಾಸ್ ಬಂದರಿನಿಂದ 1860-1911ರ ನಡುವೆ ದಕ್ಷಿಣ ಆಫ್ರಿಕಾದ ನೇಟಾಲಿಗೆ ಕೂಲಿಗೆ ಹೋದವರ ಹಡಗಿನ ಪಟ್ಟಿಯೂ ಆನ್‌ಲೈನಿನಲ್ಲಿದೆ. "ಕಡಲಾಚೆ ಹೋದ" ಅಂತ ಮನೆಯಲ್ಲಿ ಮಾತಿದ್ದರೆ ಅದನ್ನೂ ಬಿಡಬೇಡಿ.

ಇಸವಿ ಇಲ್ಲ, ಬರೀ ಸಂವತ್ಸರ ಇದೆ. ಹೇಗೆ ಲೆಕ್ಕ ಹಾಕಲಿ?

ಜಾತಕದಲ್ಲಿ "ಪ್ಲವ ಸಂವತ್ಸರ" ಅಂತಿದ್ದರೆ ಅದು 1901-02 ಅಥವಾ 1961-62, ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಯಾವುದು ಅಂತ ತಲೆಮಾರು ನೋಡಿ ತೀರ್ಮಾನಿಸಿ. ಶಕ ವರ್ಷಕ್ಕೆ 78 ಸೇರಿಸಿ. ಹಳೆಯ ಕಂದಾಯದ ಕಾಗದದಲ್ಲಿ ಬರುವ ಫಸಲಿ ವರ್ಷಕ್ಕೆ 590 ಸೇರಿಸಿ, ಫಸಲಿ 1340 ಅಂದರೆ 1930-31.

ಹುಟ್ಟಿದ ತಾರೀಕು ಎಲ್ಲಿ ಸಿಗುತ್ತದೆ?

ಈಚಿನವರದ್ದಾದರೆ ಇ-ಜನ್ಮ ತಾಣ. ಹಿರಿಯರ ಶಾಲೆಯ ದಾಖಲಾತಿ ನೋಡಿ ಜೂನ್ 1 ಅಂತ ಇದ್ದರೆ ನಂಬಬೇಡಿ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಹಾಕಿದ ತಾರೀಕು ಅದು. ಆದರೆ ಅದೇ ರಿಜಿಸ್ಟರಿನಲ್ಲಿ ತಂದೆಯ ಹೆಸರು, ಕಸುಬು, ಊರು ಇರುತ್ತದೆ, ಅದು ನಂಬಬಹುದಾದ್ದು. ಜಾತಕ ಇದ್ದರೆ ಅದೇ ಗಟ್ಟಿ.

ಮತದಾರರ ಪಟ್ಟಿಯಿಂದ ಏನಾದರೂ ಪ್ರಯೋಜನ?

ಇದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ತಾಣದಲ್ಲಿ 2002ರ ಮತದಾರರ ಪಟ್ಟಿ ಇದೆ. ಮನೆ ನಂಬರಿನ ಸಾಲಿನಲ್ಲಿ ಇರುವುದರಿಂದ ಒಂದು ಮನೆಯವರೆಲ್ಲ ಒಟ್ಟಿಗೆ ಸಿಗುತ್ತಾರೆ. ಹೆಂಗಸರೂ ಸಿಗುತ್ತಾರೆ! ಆಗ 80 ವರ್ಷದ ಅಜ್ಜಿ ಅಂದರೆ 1922ರ ಸುಮಾರಿನಲ್ಲಿ ಹುಟ್ಟಿದವರು. ವಯಸ್ಸು ಅಂದಾಜು, ಐದು ವರ್ಷ ಹಿಂದೆ ಮುಂದೆ ಇಟ್ಟುಕೊಳ್ಳಿ.

ಕೋರ್ಟಿನ ತೀರ್ಪುಗಳಲ್ಲಿ ವಂಶಾವಳಿ ಇರುತ್ತದೆ ಅಂತಾರೆ, ನಿಜವಾ?

ನಿಜ. ಪಾಲಿನ ದಾವೆಯಲ್ಲಿ ಮೊದಲು ಸಾಬೀತು ಮಾಡಬೇಕಾದ್ದೇ ಯಾರು ಯಾರ ಮಗ ಅನ್ನುವುದು. ಹಾಗಾಗಿ ಹೈಕೋರ್ಟ್ ತೀರ್ಪುಗಳಲ್ಲಿ ಮೂಲಪುರುಷನಿಂದ ಹಿಡಿದು ಇವತ್ತಿನವರವರೆಗೆ ಮರವನ್ನೇ ಅಚ್ಚು ಹಾಕಿರುತ್ತಾರೆ. ಇಂಡಿಯನ್ ಕಾನೂನ್ ತಾಣದಲ್ಲಿ ಊರಿನ ಹೆಸರು, ಸರ್ವೆ ನಂಬರ್, ಹಿರಿಯರ ಹೆಸರು ಸೇರಿಸಿ ಇಂಗ್ಲಿಷಿನಲ್ಲಿ ಹುಡುಕಿ. ಒಂದೇ ಹೆಸರಿಗೆ ನಾಲ್ಕೈದು ಥರ ಸ್ಪೆಲಿಂಗ್ ಹಾಕಿ ನೋಡಿ. ವಾದಿ ಕೊಟ್ಟ ಮರ, ಪ್ರತಿವಾದಿ ಕೊಟ್ಟ ಮರ ಬೇರೆ ಬೇರೆ ಇರಬಹುದು, ಕೋರ್ಟ್ ಯಾವುದನ್ನು ಒಪ್ಪಿತು ಅಂತ ಕೊನೆವರೆಗೂ ಓದಿ.

ಹೆಳವರು ಹೇಳುವುದನ್ನು ನಂಬಬಹುದಾ?

ಉತ್ತರ ಕರ್ನಾಟಕದವರಾದರೆ ಹೆಳವರನ್ನು ಕೇಳದೆ ನಿಮ್ಮ ಹುಡುಕಾಟ ಮುಗಿಯಲ್ಲ. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಊರಿಗೆ ಬಂದು, ಮನೆತನದ ಮೂಲ, ಎಲ್ಲಿಂದ ಬಂದರು, ಯಾರಿಗೆ ಎಷ್ಟು ಮಕ್ಕಳು ಅಂತ ಒಂದೇ ಉಸಿರಿಗೆ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು ಕಾಳು ಕಡಿ ಪಡೆದು ಹೋಗುವವರು. ಒಂದೊಂದು ಹೆಳವರ ಮನೆಗೆ ಇಂತಿಷ್ಟು ಮನೆತನ ಅಂತ ಹಂಚಿಕೆ ಇದೆ. ತೀರಾ ಹಳೆಯ ಭಾಗದಲ್ಲಿ ಪುರಾಣ ಬೆರೆತಿರುತ್ತದೆ. ಆದರೆ ಈಚಿನ ನಾಲ್ಕೈದು ತಲೆ ಅವರು ಹೇಳಿದ್ದನ್ನು ಪಹಣಿಯ ಜೊತೆ ಇಟ್ಟು ನೋಡಿ, ಬೆರಗಾಗುತ್ತೀರಿ. ಅವರು ಬಂದಾಗ ಬರಿಗೈಲಿ ಕಳಿಸಬೇಡಿ, ಇದು ಅವರ ಕಸುಬು. ಗೋಕರ್ಣ, ಗಯೆ, ಕಾಶಿಯಲ್ಲಿ ನಿಮ್ಮ ಕಡೆಯವರ ಪುರೋಹಿತರು ಯಾರು ಅಂತ ಗೊತ್ತಿದ್ದರೆ ಅವರ ಪುಸ್ತಕವನ್ನೂ ಕೇಳಿ.

ಡಿ.ಎನ್.ಎ. ಪರೀಕ್ಷೆ ಮಾಡಿಸಲಾ?

ಸದ್ಯಕ್ಕೆ ಬೇಡ ಅನ್ನುತ್ತೇನೆ. ನಮ್ಮವರು ಮಾಡಿಸಿರುವುದು ಕಡಿಮೆ, ಹೋಲಿಕೆ ಸಿಗುವುದೂ ಕಡಿಮೆ. ಅದೇ ದುಡ್ಡಲ್ಲಿ ಎರಡು ಸಲ ಊರಿಗೆ ಹೋಗಿ ಬನ್ನಿ.

ದಾಖಲೆ ಕೇಳಿದರೆ ನಂಟರು ಆಸ್ತಿಗೆ ಬಂದ ಅಂತ ಹೆದರುತ್ತಾರಲ್ಲ?

ಹೆದರುತ್ತಾರೆ, ಅದು ತಪ್ಪಲ್ಲ. ಇಪ್ಪತ್ತು ವರ್ಷ ಊರ ಕಡೆ ತಲೆ ಹಾಕದವನು ಬಂದು ಸರ್ವೆ ನಂಬರ್ ಕೇಳಿದರೆ ಯಾರಿಗಾದರೂ ಎದೆ ಝಲ್ ಅನ್ನುತ್ತದೆ. ನಾನು ದೊಡ್ಡಪ್ಪನ ಮಕ್ಕಳ ಮುಂದೆ ಮೊದಲೇ ಹೇಳಿದೆ, "ಅಣ್ಣ, ನನಗೆ ಹೊಲ ಬೇಡ, ಹೆಸರು ಬೇಕು." ಆದರೂ ನಂಬಲು ಎರಡು ಹಬ್ಬ ಬೇಕಾಯಿತು. ನಾನು ತೆಗೆಸಿದ ಪ್ರತಿ ನಕಲಿನ ಇನ್ನೊಂದು ಜೆರಾಕ್ಸ್ ಅವರಿಗೆ ಕೊಟ್ಟೆ. ಆಮೇಲೆ ಅವರೇ ಅಟ್ಟದಿಂದ ಕಂದಾಯದ ರಸೀದಿಗಳ ಕಟ್ಟು ಇಳಿಸಿದರು. ಯಾವುದಾದರೂ ಕೇಸು ನಡೆಯುತ್ತಿದ್ದರೆ ಮಾತ್ರ ಆ ಕಡೆ ಹೋಗಬೇಡಿ, ಮುಗಿಯುವವರೆಗೂ ಕಾಯಿರಿ. ಬದುಕಿರುವವರ ಆಧಾರ್, ಫೋನ್ ನಂಬರ್, ಹುಟ್ಟಿದ ತಾರೀಕು ಇರುವ ಹಾಳೆಯನ್ನು ಯಾವ ವಾಟ್ಸಾಪ್ ಗುಂಪಿಗೂ ಹಾಕಬೇಡಿ.

ನಾನು ಹೊರದೇಶದಲ್ಲಿದ್ದೇನೆ. ಇಲ್ಲಿಂದಲೇ ಎಷ್ಟು ಮಾಡಬಹುದು?

ಪಹಣಿ, ಇ.ಸಿ., ಮತದಾರರ ಪಟ್ಟಿ, ತೀರ್ಪುಗಳು ಇಷ್ಟನ್ನು ಅಲ್ಲಿಂದಲೇ ನೋಡಬಹುದು. ರೆಕಾರ್ಡ್ ರೂಮಿಗೆ ಊರಲ್ಲಿರುವವರೇ ಹೋಗಬೇಕು. ಆದರೆ ವಿಡಿಯೋ ಕಾಲ್ ಇದೆಯಲ್ಲ. ಭಾನುವಾರ ಸಂಜೆ ಅಜ್ಜಿಗೆ ಕಾಲ್ ಮಾಡಿ ಒಂದು ಹಳೆಯ ಫೋಟೋ ತೋರಿಸಿ, ಎಡಗಡೆಯಿಂದ ಒಬ್ಬೊಬ್ಬರ ಹೆಸರೂ ಕೇಳಿ. ಇದನ್ನು ಮುಂದಿನ ವರ್ಷಕ್ಕೆ ಇಡಬೇಡಿ.

ಕಾಗದ ಬಿಟ್ಟು ಮನೆಯಲ್ಲಿ ಇನ್ನೇನು ನೋಡಲಿ?

ಪಾತ್ರೆ ನೋಡಿ. ಫೋಟೋದ ಹಿಂಬದಿ, ಮದುವೆಯ ಲಗ್ನಪತ್ರಿಕೆ, ಮುಯ್ಯಿ ಬರೆದ ಪುಸ್ತಕ ಇವನ್ನೂ ನೋಡಿ, ಆದರೆ ಪಾತ್ರೆಯನ್ನು ಹೆಚ್ಚಿನವರು ಮರೆಯುತ್ತಾರೆ. ಹಿತ್ತಾಳೆ, ತಾಮ್ರದ ಪಾತ್ರೆಯ ಕಂಠದ ಹತ್ತಿರ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿರುತ್ತಾರೆ.

ಹಿರಿಯೂರಿನ ಆ ಮನೆಗೆ ನಾವು ಹೋದಾಗ ತಾತನ ತಂಗಿ ಇರಲಿಲ್ಲ, ತೀರಿಹೋಗಿ ಎಷ್ಟೋ ವರ್ಷ ಆಗಿತ್ತು. ಅವರ ಸೊಸೆ ನಮ್ಮನ್ನು ಕೂರಿಸಿ, ಒಳಗಿಂದ ಒಂದು ಹಿತ್ತಾಳೆ ಬಿಂದಿಗೆ ತಂದು ಮುಂದಿಟ್ಟರು. "ನಮ್ಮತ್ತೆ ತವರಿನದು, ಇದನ್ನು ಯಾರಿಗೂ ಕೊಡಬೇಡ ಅಂದಿದ್ರು" ಅಂದರು. ಕಂಠದಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಸವೆದ ಅಕ್ಷರ. ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದಾಗ ಓದೋಕೆ ಬಂತು. ವ್ಯಯ ಸಂವತ್ಸರ, ಮಾಘ ಮಾಸ. ಅಂದರೆ 1947ರ ಮೊದಲ ತಿಂಗಳುಗಳು, ಅವರ ಮದುವೆ. ಅದರ ಕೆಳಗೆ ಕೊಟ್ಟವರ ಹೆಸರು, ಒಬ್ಬ ಹೆಂಗಸಿನ ಹೆಸರು, ಮುಂದೆ "ತಾಯಿ" ಅಂತ.

ನಮ್ಮ ಮುತ್ತಜ್ಜಿಗೆ ಏನು ಹೆಸರಿತ್ತು ಅಂತ ಅಲ್ಲಿಯವರೆಗೂ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹನ್ನೊಂದು ಹಿಸ್ಸಾದ ಪಹಣಿಯಲ್ಲಿ, ಆರು ವರ್ಷ ತೆಗೆಸಿದ ಒಂದೇ ಒಂದು ನಕಲಿನಲ್ಲೂ ಆ ಹೆಸರು ಇಲ್ಲ.